ಕ್ಲಚ್ ವೈರ್ ಕಟ್ಟಾದರೆ ಗಾಡಿ ಮನೆಗೆ ತರುವುದು ಹೇಗೆ? ಕ್ಲಚ್ ಹಿಡಿಯದೆ ಗೇರ್ ಹಾಕುವ ವಿಧಾನ

ಒಂದೇ ಪ್ರಶ್ನೆ ಎರಡು ವೇಷದಲ್ಲಿ ಬರುತ್ತಲೇ ಇರುತ್ತದೆ. ಒಂದು: "ರೀಲ್ಸ್‌ನಲ್ಲಿ ನೋಡಿದೆ ಸಾರ್, ಕ್ಲಚ್ ಮುಟ್ಟದೇ ಪಟಪಟ ಅಂತ ಗೇರ್ ಹಾಕ್ತಾರಲ್ಲ, ಅದು ಹೇಗೆ?" ಇನ್ನೊಂದು: "ಕ್ಲಚ್ ವೈರ್ ಕಟ್ಟಾಗಿದೆ, ಸಿಲ್ಕ್ ಬೋರ್ಡ್ ಹತ್ರ ನಿಂತಿದ್ದೀನಿ, ಏನ್ ಮಾಡ್ಲಿ?" ಮೊದಲನೆಯವರಿಗೆ ಪುರುಸೊತ್ತಿದೆ, ಎರಡನೆಯವರಿಗೆ ಇಲ್ಲ. ಆದರೆ ಇಬ್ಬರಿಗೂ ಗೊತ್ತಿರಬೇಕಾದ ಕೆಲಸ ಒಂದೇ. ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇದು ದಿನಾ ಮಾಡುವ ಕೆಲಸ ಅಲ್ಲ. ಕೈಗೆ ಕ್ಲಚ್ ಲಿವರ್ ಕೊಟ್ಟಿದ್ದಾರೆ, ಅದನ್ನು ಬಳಸಿ. ಆದರೆ ಒಂದು ದಿನ ಆ ಲಿವರ್ ಸತ್ತ ಹಾಗೆ ಹ್ಯಾಂಡಲ್‌ಗೆ ಅಂಟಿಕೊಂಡಾಗ ಗಾಡಿಯನ್ನು ನಾಲ್ಕು ಕಿಲೋಮೀಟರ್ ತಳ್ಳಬೇಕೋ, ಓಡಿಸಿಕೊಂಡು ಬರಬಹುದೋ ಎನ್ನುವುದು ನೀವು ಇದನ್ನು ಮೊದಲೇ ಕಲಿತಿದ್ದೀರೋ ಇಲ್ಲವೋ ಎನ್ನುವುದರ ಮೇಲೆ ನಿಂತಿದೆ. ಟ್ರಾಫಿಕ್ ಮಧ್ಯೆ ಮೊದಲ ಸಲ ಕಲಿಯಲು ಹೋಗಬೇಡಿ. ಖಾಲಿ ರಸ್ತೆಯಲ್ಲಿ, ಕ್ಲಚ್ ಸರಿಯಾಗಿರುವಾಗಲೇ ಕಲಿಯಿರಿ.

ಒಳಗೆ ಏನಾಗುತ್ತದೆ?

ಗೇರ್ ಹಾಕುವುದು ಅಂದರೆ ಒಂದು ಹಲ್ಲುಚಕ್ರ ತೆಗೆದು ಇನ್ನೊಂದನ್ನು ತಂದು ಜೋಡಿಸುವುದು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಬೈಕ್‌ನಲ್ಲಿ ಹಾಗಲ್ಲ. ಎಲ್ಲ ಗೇರ್‌ಗಳ ಜೋಡಿಗಳೂ ಯಾವಾಗಲೂ ಹಲ್ಲಿಗೆ ಹಲ್ಲು ಕಚ್ಚಿಕೊಂಡೇ ಇರುತ್ತವೆ. ಆದರೆ ಒಂದು ಸಲಕ್ಕೆ ಒಂದು ಜೋಡಿ ಮಾತ್ರ ಶಾಫ್ಟ್ ಜೊತೆ ಬೀಗ ಹಾಕಿಕೊಂಡಿರುತ್ತದೆ. ಉಳಿದವು ಸುಮ್ನೆ ತಿರುಗುತ್ತಿರುತ್ತವೆ. ಆ ಬೀಗದ ಕೆಲಸ ಮಾಡುವುದು ಗೇರ್‌ನ ಪಕ್ಕದಲ್ಲಿ ಗಿಡ್ಡ ಬೆರಳುಗಳ ಹಾಗೆ ಚಾಚಿಕೊಂಡಿರುವ ಉಬ್ಬುಗಳು. ಇವಕ್ಕೆ ಡಾಗ್ ಅಂತ ಹೆಸರು. ನೀವು ಕಾಲಲ್ಲಿ ಲಿವರ್ ಎತ್ತಿದಾಗ ಒಂದು ಫೋರ್ಕ್ ಗೇರನ್ನು ಪಕ್ಕಕ್ಕೆ ಸರಿಸುತ್ತದೆ, ಡಾಗ್‌ಗಳು ಒಂದು ಕಡೆಯಿಂದ ಬಿಟ್ಟುಕೊಂಡು ಇನ್ನೊಂದು ಕಡೆಯ ಗುಂಡಿಗಳಲ್ಲಿ ಹೋಗಿ ಕೂರುತ್ತವೆ. ಅಷ್ಟೇ.

ಈಗ ಹಳೇ ಮನೆಯ ಬಾಗಿಲು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಮರ ಊದಿಕೊಂಡಿರುತ್ತದೆ, ಚಿಲಕ ಎಷ್ಟು ಎಳೆದರೂ ಬರುವುದಿಲ್ಲ. ಅಜ್ಜಿ ಬಂದು ಬಾಗಿಲನ್ನು ಒಂದು ಕೈಯಲ್ಲಿ ಸ್ವಲ್ಪ ಒತ್ತಿ ಹಿಡಿದು, ಇನ್ನೊಂದು ಕೈಯ ಎರಡೇ ಬೆರಳಲ್ಲಿ ಚಿಲಕ ಸರಿಸುತ್ತಾರೆ. ಬಾಗಿಲಿನ ಭಾರ ಚಿಲಕದ ಮೇಲೆ ಇರುವವರೆಗೂ ಅದು ಅಲ್ಲಾಡಲ್ಲ. ಭಾರ ತೆಗೆದರೆ ಬೆರಳಿಗೇ ಬರುತ್ತದೆ.

ಗೇರ್‌ಬಾಕ್ಸ್‌ನಲ್ಲೂ ಇದೇ ಕಥೆ. ನೀವು ರೇಸ್ ಕೊಟ್ಟಾಗ ಎಂಜಿನ್ ಚಕ್ರವನ್ನು ಎಳೆಯುತ್ತಿರುತ್ತದೆ, ಡಾಗ್‌ಗಳು ಒಂದು ಬದಿಗೆ ಬಿಗಿಯಾಗಿ ಒತ್ತಿಕೊಂಡಿರುತ್ತವೆ. ರೇಸ್ ಪೂರ್ತಿ ಬಿಟ್ಟಾಗ ಚಕ್ರವೇ ಎಂಜಿನ್ ಅನ್ನು ಎಳೆಯುತ್ತದೆ, ಆಗ ಇನ್ನೊಂದು ಬದಿಗೆ ಒತ್ತಿಕೊಳ್ಳುತ್ತವೆ. ಇವೆರಡರ ನಡುವೆ, ಒಂದು ಕಣ್ಣು ಮಿಟುಕಿಸುವಷ್ಟು ಹೊತ್ತು, ಯಾವ ಕಡೆಯೂ ಭಾರ ಇರಲ್ಲ. ಆ ಹಗುರವಾದ ಗಳಿಗೆಯಲ್ಲಿ ಗೇರ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಸರಿಯುತ್ತದೆ. ಕ್ಲಚ್ ಮಾಡುವುದೂ ಇದನ್ನೇ, ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಭಾರ ಕಡಿಯುವುದು. ಕ್ಲಚ್ ಇಲ್ಲದಾಗ ಆ ಕೆಲಸ ನಿಮ್ಮ ಬಲ ಮಣಿಕಟ್ಟು ಮಾಡಬೇಕು. ಎಡಗಾಲು ಅಲ್ಲ. ಈ ವಿಷಯದಲ್ಲಿ ಜನ ಮಾಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಕಾಲಿನ ಬಲ ಹಾಕಿ ಚಿಲಕ ಮುರಿಯಲು ಹೋಗುವುದೇ.

ಅಂದ ಹಾಗೆ, ರೀಲ್ಸ್‌ನಲ್ಲಿ ಕಾಣುವುದು ಬಹಳ ಸಲ ಕ್ವಿಕ್‌ಶಿಫ್ಟರ್. ಗೇರ್ ಲಿವರ್‌ಗೆ ಸೆನ್ಸರ್ ಇರುತ್ತದೆ, ಕಾಲು ಒತ್ತಿದ ಕೂಡಲೇ ಅದು ಎಂಜಿನ್ನಿನ ಎಳೆತವನ್ನು ಒಂದು ಕ್ಷಣ ಕಡಿಯುತ್ತದೆ. ಯಮಹಾ ಆರ್15ನ ಕೆಲವು ಮಾದರಿಗಳು, ಟಿವಿಎಸ್ ಅಪಾಚೆ ಆರ್‌ಟಿಆರ್ 310, ಕೆಟಿಎಂ 390 ಡ್ಯೂಕ್ ಇವುಗಳಲ್ಲಿ ಸಿಗುತ್ತದೆ. ಅದನ್ನು ನೋಡಿ ನಿಮ್ಮ ಮಾಮೂಲಿ ಗಾಡಿಯಲ್ಲಿ ಫುಲ್ ರೇಸ್ ಕೊಟ್ಟುಕೊಂಡೇ ಲಿವರ್ ಒದೆಯಬೇಡಿ. ಇನ್ನು ಕ್ಲಚ್ ಇಲ್ಲದ ಗೇರ್ ಹೊಸ ಐಡಿಯಾ ಏನೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಬಂದ ಜಾವಾ 250ರಲ್ಲಿ ಗೇರ್ ಲಿವರ್ ತುಳಿದರೆ ಸಾಕಿತ್ತು. ಮೊದಲ ಒತ್ತಿಗೆ ಅದೇ ಕ್ಲಚ್ ಬಿಡಿಸಿ, ಆಮೇಲೆ ಗೇರ್ ಬದಲಿಸುತ್ತಿತ್ತು. ಅದೇ ಲಿವರ್ ಕಿಕ್ಕರ್ ಕೂಡ ಆಗಿತ್ತು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಇವತ್ತಿಗೂ ಅದರ ಗಾಡಿ ಇಟ್ಟುಕೊಂಡಿರುವ ಹಿರಿಯರು ಕ್ವಿಕ್‌ಶಿಫ್ಟರ್ ಮಾತು ಬಂದರೆ ಮೀಸೆಯಲ್ಲೇ ನಗುತ್ತಾರೆ.

ಯಾವ ಗಾಡಿಗೆ ಆಗುತ್ತದೆ?

ಕಾಲಲ್ಲಿ ಗೇರ್ ಹಾಕುವ, ಕೈಯಲ್ಲಿ ಕ್ಲಚ್ ಹಿಡಿಯುವ ಎಲ್ಲ ಮಾಮೂಲಿ ಬೈಕ್‌ಗಳಿಗೂ ಆಗುತ್ತದೆ. 100 ಸಿಸಿ ಆದರೂ ಸರಿ, 350 ಆದರೂ ಸರಿ.

ಗೇರ್ ಇಲ್ಲದ ಸ್ಕೂಟರ್‌ಗಳಿಗೆ ಈ ಲೇಖನವೇ ಬೇಡ. ಹ್ಯಾಂಡಲ್ ತಿರುಗಿಸಿ ಗೇರ್ ಹಾಕುವ ಹಳೇ ಬಜಾಜ್ ಚೇತಕ್ ಥರದ ಗಾಡಿಯಲ್ಲಿ ಪ್ರಯತ್ನಿಸಬೇಡಿ. ಅದರೊಳಗಿನ ವ್ಯವಸ್ಥೆ ಬೇರೆ. ಪ್ಲಸ್ ಗುರುತಿನ ಆಕಾರದ ಒಂದು ಚಿಕ್ಕ ತುಂಡು ಗೇರ್‌ಗಳ ನಡುವೆ ಸರಿಯುತ್ತದೆ. ಅದರ ಅಂಚು ಸವೆದರೆ ಗೇರ್ ಜಾರಲು ಶುರುವಾಗುತ್ತದೆ.

ನಿಮ್ಮ ಗಾಡಿಯ ಗೇರ್ ಕ್ರಮ ನೋಡಿಕೊಳ್ಳಿ. ಕೆಳಗೆ ನಾನು ಹೇಳುವುದು ಒಂದು ಕೆಳಗೆ, ಉಳಿದದ್ದು ಮೇಲೆ ಇರುವ ಗಾಡಿಗೆ. ನಾಲ್ಕು ಗೇರಿನ ಹಲವು ಕಮ್ಯೂಟರ್ ಗಾಡಿಗಳಲ್ಲಿ ಮುಂದೆ ತುಳಿಯುತ್ತಾ ಹೋದಂತೆ ಗೇರ್ ಏರುತ್ತದೆ, ಹಿಮ್ಮಡಿಯಿಂದ ತುಳಿದರೆ ಇಳಿಯುತ್ತದೆ. ಹಳೇ ಬುಲೆಟ್‌ನಲ್ಲಿ ಗೇರ್ ಇರುವುದೇ ಬಲಗಾಲಿಗೆ. ವಿಧಾನ ಬದಲಾಗಲ್ಲ, ಕಾಲಿನ ದಿಕ್ಕು ಮಾತ್ರ ಬದಲಾಗುತ್ತದೆ.

ಹೊರಡುವ ಮುಂಚೆ

ಚೈನ್ ನೋಡಿ. ಜೋತು ಬಿದ್ದಿದ್ದರೆ ಪ್ರತಿ ಸಲ ರೇಸ್ ಬಿಟ್ಟು ಕೊಟ್ಟಾಗ ಗಾಡಿ ಗಕ್ ಅನ್ನುತ್ತದೆ, ಆ ಹಗುರದ ಗಳಿಗೆ ನಿಮಗೆ ಗೊತ್ತೇ ಆಗಲ್ಲ. ಎಂಜಿನ್ ಆಯಿಲ್ ಮಟ್ಟ ಸರಿ ಇರಲಿ. ಐದು ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿಕೊಳ್ಳಿ. ಮೆತ್ತನೆಯ ಚಪ್ಪಲಿ ಬೇಡ, ಶೂ ಹಾಕಿ. ಹೆಲ್ಮೆಟ್ ಬಗ್ಗೆ ಹೇಳಬೇಕಾಗಿಲ್ಲ ಅಲ್ವಾ?

ಜಾಗ ಮುಖ್ಯ. ಸೈಟ್ ಹಂಚಿ ರಸ್ತೆ ಹಾಕಿ, ಮನೆ ಇನ್ನೂ ಏಳದ ಬಡಾವಣೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಬೆಂಗಳೂರಿನ ಮಾಗಡಿ ರಸ್ತೆ ಕಡೆಯಿಂದ ಮೈಸೂರು ರಸ್ತೆ ಕಡೆಗೆ ಹರಡಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಬೆಳಗ್ಗೆ ಆರಕ್ಕೆ ಹೋದರೆ ಅಗಲವಾದ ಖಾಲಿ ರಸ್ತೆ ಸಿಗುತ್ತದೆ. ನಾಯಿಗಳು ಮಾತ್ರ ಇರುತ್ತವೆ, ಗೇರ್‌ಬಾಕ್ಸಿನವಲ್ಲ, ನಿಜವಾದವು. ಗುಂಪು ಕಂಡರೆ ಬೇರೆ ರಸ್ತೆಗೆ ಹೋಗಿ. ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ದಕ್ಕೆ ನೇರವಾಗಿದೆ, ಅಲ್ಲೇ ಕಲಿಯೋಣ ಅಂತ ಯಾರಾದರೂ ಅಂದುಕೊಂಡಿದ್ದರೆ, 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕ್‌ಗೆ ಪ್ರವೇಶವೇ ಇಲ್ಲ.

ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ.

1. ಮೊದಲು ಭಾರವನ್ನು ಗುರುತಿಸಿ

ಮೂರನೇ ಗೇರ್‌ನಲ್ಲಿ 35 ಕಿ.ಮೀ. ವೇಗದಲ್ಲಿ ಹೋಗಿ. ಗೇರ್ ಬದಲಿಸಬೇಡಿ. ರೇಸ್ ಸ್ವಲ್ಪ ಬಿಡಿ, ಮತ್ತೆ ಕೊಡಿ. ಬಿಡಿ, ಕೊಡಿ. ಗಾಡಿ ಎಳೆಯುತ್ತಿದ್ದದ್ದು ನಿಂತು, ತಡೆಯಲು ಶುರುಮಾಡುವ ನಡುವೆ ಒಂದು ಸಣ್ಣ ಸಡಿಲ ಸಿಗುತ್ತದೆ. ಸೀಟಿಗೆ ಗೊತ್ತಾಗುತ್ತದೆ, ಚೈನಿನ ಸದ್ದಿನಲ್ಲೂ ಗೊತ್ತಾಗುತ್ತದೆ. ಮಣಿಕಟ್ಟು ಎಷ್ಟು ತಿರುಗಿದಾಗ ಅದು ಬಂತು ಅಂತ ಗಮನಿಸಿ. ಬಹಳ ಕಡಿಮೆ ಇರುತ್ತದೆ. ಎಕ್ಸಿಲರೇಟರ್ ಪೂರ್ತಿ ಮುಚ್ಚುವುದು ಬೇಕಾಗಿಲ್ಲ.

ಇದಕ್ಕೆ ಹತ್ತು ನಿಮಿಷ ಕೊಡಿ. ಬೇಜಾರಾಗುತ್ತದೆ, ಆದರೂ ಕೊಡಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

2. ಮೂರರಿಂದ ನಾಲ್ಕಕ್ಕೆ

ಒಂದರಿಂದ ಎರಡಕ್ಕೆ ಅಂತ ಶುರು ಮಾಡಬೇಡಿ, ಅದೇ ಎಲ್ಲಕ್ಕಿಂತ ಕಷ್ಟ. ಮೇಲಿನ ಗೇರ್‌ಗಳ ನಡುವೆ ಅಂತರ ಕಡಿಮೆ. ಉದಾಹರಣೆಗೆ ಒಂದು ಮಾಮೂಲಿ 150 ಸಿಸಿ ಗಾಡಿಯಲ್ಲಿ 5000 ಆರ್‌ಪಿಎಂಗೆ, ಅಂದರೆ ಎಂಜಿನ್ ನಿಮಿಷಕ್ಕೆ 5000 ಸುತ್ತು ಹಾಕುತ್ತಿರುವಾಗ, ನಾಲ್ಕರಿಂದ ಐದಕ್ಕೆ ಹಾಕಿದರೆ ಎಂಜಿನ್ ಸುಮಾರು 4200ಕ್ಕೆ ಇಳಿದರೆ ಸಾಕು. ಒಂದರಿಂದ ಎರಡಕ್ಕಾದರೆ ಸುಮಾರು 3200ಕ್ಕೆ ಇಳಿಯಬೇಕು. ಅಂತರ ಜಾಸ್ತಿ ಆದಷ್ಟೂ ಗಕ್ ಅನ್ನುವುದೂ ಜಾಸ್ತಿ.

ಹೀಗೆ ಮಾಡಿ. ಮೂರನೇ ಗೇರ್, 40 ಕಿ.ಮೀ. ಆಸುಪಾಸು, ಗಾಡಿ ಹಿತವಾಗಿ ಎಳೆಯುತ್ತಿರಲಿ. ಎಡಗಾಲಿನ ಬೆರಳನ್ನು ಲಿವರ್ ಕೆಳಗೆ ಇಟ್ಟು ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಲಿವರ್‌ನ ಆಟ ಮುಗಿದು ಗಟ್ಟಿ ಸಿಗುವಷ್ಟೇ ಒತ್ತಡ. ಗೇರ್ ಈಗ ಬದಲಾಗಲ್ಲ, ಭಾರ ಇದೆಯಲ್ಲ. ಹಾಗೇ ಒತ್ತಿ ಹಿಡಿದುಕೊಂಡು, ಬಲಗೈಯಲ್ಲಿ ರೇಸ್ ಅನ್ನು ಚಟಕ್ ಅಂತ ಸ್ವಲ್ಪ ಬಿಟ್ಟು ಮತ್ತೆ ಕೊಡಿ. ಬಿಟ್ಟ ಕ್ಷಣದಲ್ಲೇ ಲಿವರ್ ತಾನಾಗಿ ಮೇಲಕ್ಕೆ ಹಾರಿ ನಾಲ್ಕನೇ ಗೇರ್ ಕೂತಿರುತ್ತದೆ. ಕಾಲು ತೆಗೆಯಿರಿ. ಆಯಿತು.

ಮೊದಲ ಸಲ ಸರಿಯಾಗಿ ಬಿದ್ದಾಗ "ಅಷ್ಟೇನಾ?" ಅನ್ನಿಸುತ್ತದೆ. ಕ್ಲಚ್ ಹಿಡಿದು ಹಾಕುವುದಕ್ಕಿಂತ ನುಣುಪಾಗಿ ಬಿದ್ದಿರುತ್ತದೆ. ಅದು ಬಿದ್ದ ಮೇಲೆ ಜಂಬ ಬರುತ್ತದೆ, ಎರಡನೇ ಸಲ ಗಕ್ ಅನ್ನುತ್ತದೆ. ಎಲ್ಲರಿಗೂ ಹೀಗೇ.

ಎಡವುವ ಜಾಗಗಳು ಮೂರು. ಒಂದು, ರೇಸ್ ಪೂರ್ತಿ ಬಿಟ್ಟು ಆಮೇಲೆ ಕಾಲು ಎತ್ತುವುದು. ಅಷ್ಟರಲ್ಲಿ ಹಗುರದ ಗಳಿಗೆ ಕಳೆದು ಎಂಜಿನ್ ಬ್ರೇಕಿಂಗ್ ಶುರುವಾಗಿರುತ್ತದೆ, ಡಾಗ್‌ಗಳು ಇನ್ನೊಂದು ಕಡೆಗೆ ಬಿಗಿದುಕೊಂಡಿರುತ್ತವೆ. ಎಂಜಿನ್ ಬ್ರೇಕಿಂಗ್ ಅಂದರೆ ರೇಸ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ಹಿಡಿದೆಳೆದು ನಿಧಾನ ಮಾಡುವುದು. ಕಾಲಿನ ಒತ್ತಡ ಮೊದಲೇ ಇರಬೇಕು, ರೇಸ್ ಆಮೇಲೆ ಬಿಡಬೇಕು. ಎರಡು, ಹೆದರಿಕೊಂಡು ನಿಧಾನವಾಗಿ ಬಿಡುವುದು. ಮೂರು, ಗೇರ್ ಅರ್ಧ ಸರಿದು ಎಲ್ಲೂ ಕೂರದೆ ನಿಲ್ಲುವುದು. ಇದನ್ನು ಫಾಲ್ಸ್ ನ್ಯೂಟ್ರಲ್ ಅನ್ನುತ್ತಾರೆ. ರೇಸ್ ಕೊಟ್ಟರೆ ಎಂಜಿನ್ ಒಂದೇ ಸಮ ಕೂಗುತ್ತದೆ, ಗಾಡಿ ಮುಂದೆ ಹೋಗಲ್ಲ. ಗಾಬರಿಯಾಗಿ ಲಿವರ್ ಒದೆಯಬೇಡಿ. ರೇಸ್ ಬಿಟ್ಟು, ಕ್ಲಚ್ ಹಿಡಿದು, ಗೇರ್ ಮತ್ತೆ ಹಾಕಿ. ಕಲಿಯುವಾಗ ಎಡಗೈಯ ಎರಡು ಬೆರಳು ಕ್ಲಚ್ ಲಿವರ್ ಮೇಲೆಯೇ ಇರಲಿ ಅಂತ ಹೇಳುವುದು ಇದಕ್ಕೇ.

3. ಉಳಿದ ಮೇಲಿನ ಗೇರ್‌ಗಳು

ಮೂರರಿಂದ ನಾಲ್ಕು ಹತ್ತು ಸಲಕ್ಕೆ ಹತ್ತು ಸಲವೂ ಸರಿಯಾಗಿ ಬಿದ್ದ ಮೇಲೆ ನಾಲ್ಕರಿಂದ ಐದು, ಆಮೇಲೆ ಎರಡರಿಂದ ಮೂರು. ಎರಡರಿಂದ ಮೂರಕ್ಕೆ 25ರಿಂದ 30 ಕಿ.ಮೀ. ಸಾಕು.

ಒಂದರಿಂದ ಎರಡು ಕೊನೆಗೆ. ಅಂತರ ಜಾಸ್ತಿ ಅನ್ನುವುದು ಒಂದು ಕಾರಣ, ನಡುವೆ ನ್ಯೂಟ್ರಲ್ ಕೂತಿರುವುದು ಇನ್ನೊಂದು. ಅಂಜಿಕೊಂಡು ಎತ್ತಿದರೆ ಗೇರ್ ನ್ಯೂಟ್ರಲ್‌ನಲ್ಲೇ ನಿಲ್ಲುತ್ತದೆ. ಹಾಗಾಗಿ 12ರಿಂದ 15 ಕಿ.ಮೀ. ವೇಗ ಬಂದ ಕೂಡಲೇ, ರೇಸ್ ಕಡಿಮೆ ಇರುವಾಗಲೇ, ಲಿವರ್ ಅನ್ನು ಪೂರ್ತಿ ದೂರ ಎತ್ತಿ. ಭಾರ ಬಿಡಿಸುವಾಗ ಕಾಲು ಮೆತ್ತಗಿರಬೇಕು, ಸರಿಯುವಾಗ ಗಟ್ಟಿಯಾಗಿ ಪೂರ್ತಿ ಹೋಗಬೇಕು. ಇದು ಬಾಯಲ್ಲಿ ಹೇಳಿದರೆ ಗೊಂದಲ, ಕಾಲಿಗೆ ಬಂದರೆ ಸುಲಭ.

4. ಕೆಳಗೆ ಇಳಿಸುವುದು

ಇಲ್ಲಿ ನಿಧಾನ ಮಾಡಿ, ಎರಡು ಸಲ ಓದಿ. ಕೆಳಗಿನ ಗೇರ್‌ಗೆ ಎಂಜಿನ್ ಇನ್ನೂ ಜೋರಾಗಿ ತಿರುಗಬೇಕು. ಅದನ್ನು ನೀವು ತಿರುಗಿಸದಿದ್ದರೆ ಹಿಂದಿನ ಚಕ್ರ ತಿರುಗಿಸುತ್ತದೆ, ಆಗ ಚಕ್ರ ಕಚ್ಚಿಕೊಂಡು ಜಾರಬಹುದು. ಎಬಿಎಸ್ ಇದೆ ಅನ್ನುವ ಧೈರ್ಯ ಇಲ್ಲಿ ಬೇಡ. ಎಬಿಎಸ್ ಬಿಡಿಸುವುದು ಬ್ರೇಕ್ ಹಿಡಿದ ಚಕ್ರವನ್ನು, ಎಂಜಿನ್ ಹಿಡಿದ ಚಕ್ರವನ್ನಲ್ಲ.

ಮೊದಲು ಬ್ರೇಕ್‌ನಲ್ಲಿ ವೇಗ ಇಳಿಸಿ. ನಾಲ್ಕರಿಂದ ಮೂರಕ್ಕೆ 30 ಕಿ.ಮೀ., ಮೂರರಿಂದ ಎರಡಕ್ಕೆ 20 ಕಿ.ಮೀ. ರೇಸ್ ಪೂರ್ತಿ ಬಿಟ್ಟಿರಿ, ಈಗ ಭಾರ ಎಂಜಿನ್ ಬ್ರೇಕಿಂಗ್ ಕಡೆಯದು. ಲಿವರ್ ಮೇಲೆ ಕಾಲಿಟ್ಟು ಮೆಲ್ಲಗೆ ಕೆಳಗೆ ಒತ್ತಿ ಹಿಡಿಯಿರಿ. ಹಾಗೇ ಹಿಡಿದುಕೊಂಡು ರೇಸ್ ಅನ್ನು ಡುರ್ ಅಂತ ಒಂದು ಚಿಟಿಕೆ ಕೊಟ್ಟು ಬಿಡಿ. ಆ ಚಿಟಿಕೆ ರೇಸ್ ಎರಡು ಕೆಲಸ ಮಾಡುತ್ತದೆ, ಭಾರ ಬಿಡಿಸುತ್ತದೆ, ಎಂಜಿನ್ ಸುತ್ತನ್ನೂ ಮೇಲಕ್ಕೆ ತರುತ್ತದೆ. ಲಿವರ್ ಕೆಳಗೆ ಬೀಳುತ್ತದೆ.

ಮೇಲೆ ಹಾಕುವಾಗ ರೇಸ್ ಬಿಟ್ಟು ಕೊಡುವುದು, ಕೆಳಗೆ ಇಳಿಸುವಾಗ ಕೊಟ್ಟು ಬಿಡುವುದು. ಇಷ್ಟು ನೆನಪಿದ್ದರೆ ಸಾಕು.

ಓಡುತ್ತಿರುವಾಗ ಎರಡರಿಂದ ಒಂದಕ್ಕೆ ಕ್ಲಚ್ ಇಲ್ಲದೆ ಇಳಿಸಬೇಡಿ. ಅಗತ್ಯವೂ ಇಲ್ಲ. ಎರಡರಲ್ಲೇ ಹಂಪ್ ದಾಟಬಹುದು, ಗಲ್ಲಿ ತಿರುಗಬಹುದು.

5. ನಿಲ್ಲುವುದು

ಕ್ಲಚ್ ಇಲ್ಲದ ಗಾಡಿಯನ್ನು ಓಡಿಸುವುದಕ್ಕಿಂತ ನಿಲ್ಲಿಸುವುದೇ ತಲೆನೋವು. ಇದಕ್ಕೆ ಎರಡು ದಾರಿ ಇದೆ.

ಚೆಂದದ ದಾರಿ: ಎರಡನೇ ಗೇರ್‌ನಲ್ಲಿ 10 ಕಿ.ಮೀ. ಸುಮಾರಿಗೆ ಬಂದಾಗ, ಲಿವರ್ ಅನ್ನು ಅರ್ಧ ಮಾತ್ರ ಒತ್ತಿ ಹಿಡಿದು ಚಿಟಿಕೆ ರೇಸ್ ಕೊಟ್ಟು ನ್ಯೂಟ್ರಲ್‌ಗೆ ತರುವುದು. ಮೀಟರ್‌ನಲ್ಲಿ ನ್ಯೂಟ್ರಲ್‌ನ ಹಸಿರು ದೀಪ ಬಂತೋ, ಬ್ರೇಕ್ ಹಿಡಿದು ಆರಾಮಾಗಿ ನಿಲ್ಲಿ. ಜಾಸ್ತಿ ಒತ್ತಿದರೆ ಒಂದಕ್ಕೆ ಬಿದ್ದು ಗಾಡಿ ಮುಗ್ಗರಿಸುತ್ತದೆ. ನ್ಯೂಟ್ರಲ್ ತುದಿಯಲ್ಲಿರುವ ನಾಲ್ಕು ಗೇರಿನ ಗಾಡಿಯವರಿಗೆ ಇಲ್ಲಿ ಅದೃಷ್ಟ, ಹಿಮ್ಮಡಿಯಿಂದ ಕೊನೆಯವರೆಗೂ ಇಳಿಸಿದರೆ ನ್ಯೂಟ್ರಲ್ಲೇ.

ಒರಟು ದಾರಿ, ನಾನು ಹೊಸಬರಿಗೆ ಹೇಳುವುದು ಇದನ್ನೇ: ಎರಡನೇ ಗೇರ್‌ನಲ್ಲೇ ನಿಧಾನ ಮಾಡಿ, ಇನ್ನೇನು ಎಂಜಿನ್ ಕುಂಟುತ್ತದೆ ಅನ್ನುವಾಗ ಬಲಗೈ ಹೆಬ್ಬೆರಳಲ್ಲಿ ಕೆಂಪು ಸ್ವಿಚ್ ಒತ್ತಿ ಎಂಜಿನ್ ಆಫ್ ಮಾಡಿ, ಎರಡೂ ಬ್ರೇಕ್ ಹಿಡಿದು ನಿಲ್ಲಿ. ಕೆಂಪು ಸ್ವಿಚ್ ಇಲ್ಲದ ಗಾಡಿಯಾದರೆ ಬ್ರೇಕ್ ಹಿಡಿದೇ ಇರಿ, ಎಂಜಿನ್ ಒಂದು ಜರ್ಕ್ ಹೊಡೆದು ತಾನೇ ಆಫ್ ಆಗುತ್ತದೆ. ಆಮೇಲೆ ಕೂತಲ್ಲೇ ಗಾಡಿಯನ್ನು ಒಂದು ಗೇಣು ಹಿಂದೆ ಮುಂದೆ ಆಡಿಸುತ್ತಾ ಲಿವರ್ ಒತ್ತಿದರೆ ನ್ಯೂಟ್ರಲ್ ಸಿಗುತ್ತದೆ. ಆಡಿಸುವುದೂ ಅದೇ ಚಿಲಕದ ಭಾರ ತೆಗೆಯುವುದಕ್ಕೇ.

ಹಠಾತ್ತನೆ ನಿಲ್ಲಬೇಕಾಗಿ ಬಂದರೆ ಗೇರ್ ವಿಷಯ ಪೂರ್ತಿ ಮರೆತುಬಿಡಿ. ಬ್ರೇಕ್ ಹಿಡಿಯಿರಿ. ಎಂಜಿನ್ ಆಫ್ ಆದರೆ ಆಗಲಿ.

6. ನಿಂತ ಗಾಡಿ ಹೊರಡಿಸುವುದು

ಕ್ಲಚ್ ನಿಜವಾಗಿ ಬೇಕಾಗುವುದು ಇಲ್ಲಿ. ನಿಂತ ಚಕ್ರಕ್ಕೂ ತಿರುಗುವ ಎಂಜಿನ್ನಿಗೂ ಹೊಂದಾಣಿಕೆ ಮಾಡಿಸುವುದು ಕ್ಲಚ್ಚೇ. ಅದಿಲ್ಲದಿದ್ದರೆ ಚಕ್ರಕ್ಕೆ ಮೊದಲೇ ವೇಗ ಕೊಡಬೇಕು.

ನ್ಯೂಟ್ರಲ್‌ನಲ್ಲಿ ಎಂಜಿನ್ ಆನ್ ಮಾಡಿ, ರೇಸ್ ಕೊಡಬೇಡಿ. ಸೀಟಿನ ಮೇಲೆ ಕೂತು ಎರಡೂ ಕಾಲಲ್ಲಿ ನೆಲ ಒದೆಯುತ್ತಾ ಗಾಡಿಯನ್ನು ಮುಂದೆ ತಳ್ಳಿ. ಐಡ್ಲಿಂಗ್‌ನಲ್ಲಿ ಒಂದನೇ ಗೇರ್‌ನ ವೇಗ ಸುಮಾರು 6ರಿಂದ 8 ಕಿ.ಮೀ., ಅಂದರೆ ಬಿರುಸಾಗಿ ನಡೆಯುವಷ್ಟು. ಅಷ್ಟು ಬಂದ ಕೂಡಲೇ ಎಡಗಾಲನ್ನು ಲಿವರ್ ಮೇಲಿಟ್ಟು ಒಂದೇ ಏಟಿಗೆ ಪೂರ್ತಿ ಕೆಳಗೆ ತುಳಿಯಿರಿ. ಟಕ್ ಅಂತ ಜೋರು ಸದ್ದು ಬರುತ್ತದೆ, ಗಾಡಿ ಒಂದು ಸಲ ಕುಲುಕುತ್ತದೆ, ಹೊರಡುತ್ತದೆ. ಅರ್ಧಂಬರ್ಧ ತುಳಿದರೆ ಕರಕರ ಅನ್ನುತ್ತದೆ. ಅದು ಡಾಗ್‌ಗಳ ಅಂಚು ಸವೆಯುವ ಸದ್ದು.

ಇಳಿಜಾರು ಸಿಕ್ಕರೆ ಇನ್ನೂ ಒಳ್ಳೆಯದು. ನ್ಯೂಟ್ರಲ್‌ನಲ್ಲಿ ಉರುಳಲು ಬಿಟ್ಟು, ವೇಗ ಬಂದ ಮೇಲೆ ಒಂದಕ್ಕೆ ತುಳಿಯಿರಿ. ಬೆಂಗಳೂರು ಏರಿಳಿತದ ಊರು, ಕಣ್ಣು ಬಿಟ್ಟು ನೋಡಿದರೆ ಹತ್ತಿರದಲ್ಲಿ ಎಲ್ಲೋ ಒಂದು ಇಳಿಜಾರು ಇದ್ದೇ ಇರುತ್ತದೆ.

ಮೂರನೆಯದು ಸೆಲ್ಫ್ ಒತ್ತಿ ಹೊರಡುವುದು. ಎಂಜಿನ್ ಆಫ್, ಒಂದನೇ ಗೇರ್, ಸೈಡ್ ಸ್ಟ್ಯಾಂಡ್ ಪೂರ್ತಿ ಎತ್ತಿರಬೇಕು, ಮುಂದೆ ಖಾಲಿ ಜಾಗ. ಸೆಲ್ಫ್ ಒತ್ತಿದರೆ ಸ್ಟಾರ್ಟರ್ ಮೋಟರ್ ಗಾಡಿಯನ್ನೇ ಎಳೆದುಕೊಂಡು ಹೊರಟು ಎಂಜಿನ್ ಹತ್ತಿಕೊಳ್ಳುತ್ತದೆ. ಹಲವು ಗಾಡಿಗಳಲ್ಲಿ ಗೇರ್‌ನಲ್ಲಿರುವಾಗ ಕ್ಲಚ್ ಹಿಡಿಯದೆ ಸೆಲ್ಫ್ ಕೆಲಸ ಮಾಡಲ್ಲ. ಕ್ಲಚ್ ಹಿಡಿದಿದ್ದೀರಾ ಅಂತ ನೋಡುವ ಸ್ವಿಚ್ ಇರುವುದು ಹ್ಯಾಂಡಲ್ ಮೇಲಿನ ಲಿವರ್‌ನಲ್ಲಿ, ವೈರ್ ಕಟ್ಟಾಗಿದ್ದರೂ ಖಾಲಿ ಲಿವರ್ ಒತ್ತಿ ಹಿಡಿದರೆ ಅದು ನಂಬುತ್ತದೆ. ಬ್ಯಾಟರಿಗೂ ಮೋಟರ್‌ಗೂ ಇದು ಶಿಕ್ಷೆ. ಬೇರೆ ದಾರಿಯೇ ಇಲ್ಲದಾಗ ಒಂದೆರಡು ಸಲ, ಅಷ್ಟೇ. ಮುಂದೆ ಕಾರಿನ ಬಂಪರ್ ಇದ್ದರೆ ಒಂದು ಸಲವೂ ಬೇಡ. ಇದನ್ನು ಅಭ್ಯಾಸ ಮಾಡಲೂ ಹೋಗಬೇಡಿ.

ವೈರ್ ಕಟ್ಟಾದ ದಿನ

ನನ್ನದು ಕಟ್ಟಾದದ್ದು ಸುಂಕದಕಟ್ಟೆ ಹತ್ತಿರ, ಸಂಜೆ ಏಳಕ್ಕೆ. ಲಿವರ್ ಹಿಡಿದೆ, ಟಿಕ್ ಅಂತ ಸಣ್ಣ ಸದ್ದು, ಬೆರಳಿಗೆ ಏನೂ ಭಾರ ಸಿಗಲಿಲ್ಲ. ಗಾಡಿ ಜರ್ಕ್ ಹೊಡೆದು ನಿಂತಿತು, ಹಿಂದಿನ ಆಟೋದವರು ಹಾರ್ನ್ ಜೊತೆಗೆ ನಾಲ್ಕು ಮಾತನ್ನೂ ಸೇರಿಸಿದರು. ಆಗ ಮಾಡಬೇಕಾದ ಮೊದಲ ಕೆಲಸ ಗಾಡಿಯನ್ನು ಬದಿಗೆ ತರುವುದು. ಗೇರ್‌ನಲ್ಲಿ ಸಿಕ್ಕಿಕೊಂಡಿದ್ದರೆ ಹಿಂದೆ ಮುಂದೆ ಆಡಿಸಿ ನ್ಯೂಟ್ರಲ್ ಮಾಡಿ, ತಳ್ಳಿ.

ಆಮೇಲೆ ನಿಜವಾಗಿ ಕಟ್ಟಾಗಿದೆಯಾ ನೋಡಿ. ವೈರ್‌ನ ತುದಿಯಲ್ಲಿ ಒಂದು ಸೀಸದ ಗುಂಡಿನಂಥದ್ದು ಇರುತ್ತದೆ, ಅದಕ್ಕೆ ನಿಪ್ಪಲ್ ಅನ್ನುತ್ತಾರೆ. ಕೆಲವು ಸಲ ಅದು ಲಿವರ್‌ನ ಕುಳಿಯಿಂದ ಜಾರಿರುತ್ತದೆ ಅಷ್ಟೇ, ಕೂರಿಸಿದರೆ ಆಯಿತು. ಲಿವರ್ ಹತ್ತಿರ ನಿಪ್ಪಲ್ ಬುಡದಲ್ಲೇ ಕಟ್ಟಾಗಿದ್ದರೆ ಸ್ಕ್ರೂ ಹಾಕುವ ನಿಪ್ಪಲ್ ಸಿಗುತ್ತದೆ, ಹತ್ತಿರದ ಮೆಕ್ಯಾನಿಕ್ ಅಥವಾ ಸೈಕಲ್ ಅಂಗಡಿಯಲ್ಲಿ ಕೇಳಿ. ಅಡ್ಜಸ್ಟರ್ ಪೂರ್ತಿ ಸಡಿಲ ಮಾಡಿದರೆ ಕುಳ್ಳಗಾದ ವೈರ್ ಕೂಡ ತಾತ್ಕಾಲಿಕವಾಗಿ ಸಾಕಾಗುತ್ತದೆ.

ವೈರ್ ಚೆನ್ನಾಗಿದ್ದು, ಎಂಜಿನ್ ಕೂಗುತ್ತಿದ್ದರೂ ಗಾಡಿ ಎಳೆಯುತ್ತಿಲ್ಲ ಅಂದರೆ ಅದು ಬೇರೆ ಕಾಯಿಲೆ. ಕ್ಲಚ್ ಪ್ಲೇಟ್ ಸುಟ್ಟಿದೆ. ಈ ವಿಧಾನ ಅಲ್ಲಿ ಉಪಯೋಗಕ್ಕೆ ಬರಲ್ಲ, ಗಾಡಿ ಸಾಗಿಸುವವರನ್ನು ಕರೆಯಿರಿ.

ಓಡಿಸಿಕೊಂಡೇ ಹೋಗುವುದಾದರೆ, ಹತ್ತಿರದ ದಾರಿ ಬೇಡ, ಸಿಗ್ನಲ್ ಕಡಿಮೆ ಇರುವ ದಾರಿ ಬೇಕು. ಎರಡು ಕಿಲೋಮೀಟರ್ ಜಾಸ್ತಿ ಆದರೂ ಪರವಾಗಿಲ್ಲ. ರಸ್ತೆಯ ಎಡ ಅಂಚಿನಲ್ಲಿರಿ. ಎರಡು ಮೂರು ಗೇರ್‌ನಲ್ಲೇ ಇಡೀ ದಾರಿ ಮುಗಿಸಬಹುದು, ನಾಲ್ಕು ಐದರ ಆಸೆ ಬೇಡ. ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ರೇಸ್ ಬಿಟ್ಟು ತೆವಳಿಕೊಂಡು ಹೋಗಿ, ನೀವು ತಲುಪುವಷ್ಟರಲ್ಲಿ ಹಸಿರಾದರೆ ಒಂದು ನಿಲುಗಡೆ ಉಳಿಯಿತು. ನಿಲ್ಲಲೇಬೇಕಾದರೆ ಕಾರುಗಳ ನಡುವೆ ನುಗ್ಗಿ ಮುಂದೆ ಹೋಗಬೇಡಿ, ಕಾಲಲ್ಲಿ ತಳ್ಳಿಕೊಂಡು ಹೊರಡಲು ಜಾಗ ಇರುವ ಕಡೆ ನಿಲ್ಲಿ. ಸಂಜೆ ಆರರಿಂದ ಒಂಬತ್ತರ ನಡುವೆ ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ ಥರದ ಜಾಗದಲ್ಲಿ ಸಿಕ್ಕಿಕೊಂಡಿದ್ದರೆ ಈ ವಿದ್ಯೆಯನ್ನೆಲ್ಲ ಪಕ್ಕಕ್ಕಿಟ್ಟು ಗಾಡಿ ತಳ್ಳಿಕೊಂಡು ಅಡ್ಡರಸ್ತೆಗೆ ಹೋಗಿ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಎತ್ತರದ ರಸ್ತೆ ಹತ್ತಿ ಸಿಗ್ನಲ್ ತಪ್ಪಿಸಿಕೊಳ್ಳೋಣ ಅಂದರೆ, ಅಲ್ಲಿ ಬೈಕ್ ಬಿಡುತ್ತಾರೆ, ಆದರೆ ಅದು ಟೋಲ್ ರಸ್ತೆ, ಟೋಲ್ ಕಟ್ಟಲು ನಿಲ್ಲಬೇಕಾಗುತ್ತದೆ.

ಇನ್ನೊಂದು ಗಾಡಿಯವರು ಕಾಲು ಕೊಟ್ಟು ತಳ್ಳಿಕೊಂಡು ಹೋಗುವುದು ನಮ್ಮೂರಲ್ಲಿ ದಿನಾ ಕಾಣುತ್ತದೆ. ಸಹಾಯ ಮಾಡುವವರ ಮನಸ್ಸು ದೊಡ್ಡದು, ಆದರೆ ಒಂದು ಗುಂಡಿ ಬಂದರೆ ಇಬ್ಬರೂ ಬೀಳುತ್ತೀರಿ. ಖಾಲಿ ಗಲ್ಲಿಯಲ್ಲಿ ನೂರು ಮೀಟರ್ ಆದರೆ ಸರಿ, ಮುಖ್ಯ ರಸ್ತೆಯಲ್ಲಿ ಬೇಡ.

ಗೇರ್‌ಬಾಕ್ಸ್ ಹಾಳಾಗುತ್ತಾ?

ಸರಿಯಾಗಿ ಹಾಕಿದರೆ ಮೇಲಿನ ಗೇರ್‌ಗಳಿಗೆ ಹೇಳಿಕೊಳ್ಳುವಂಥ ಪೆಟ್ಟೇನೂ ಇಲ್ಲ. ಒದ್ದು ಒದ್ದು ಹಾಕಿದರೆ ಡಾಗ್‌ಗಳ ಚೂಪು ಅಂಚು ದುಂಡಗಾಗುತ್ತದೆ, ಫೋರ್ಕ್ ಬಾಗುತ್ತದೆ. ಆಮೇಲೆ ಜೋರಾಗಿ ರೇಸ್ ಕೊಟ್ಟಾಗ ಗೇರ್ ತಾನಾಗಿ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಅದನ್ನು ಸರಿ ಮಾಡಲು ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು. ಉಳಿದದ್ದನ್ನು ಮೆಕ್ಯಾನಿಕ್ ಬಿಲ್ ಹೇಳುತ್ತದೆ.

ಇದರಿಂದ ಮೈಲೇಜ್ ಜಾಸ್ತಿ ಬರುತ್ತೆ ಅನ್ನುವುದು ಸುಳ್ಳು. ಕ್ಲಚ್ ಪ್ಲೇಟ್ ಉಳಿಯುತ್ತೆ ಅನ್ನುವುದೂ ಹೆಚ್ಚುಕಡಿಮೆ ಸುಳ್ಳೇ. ಪ್ಲೇಟ್ ಸವೆಯುವುದು ಗೇರ್ ಬದಲಿಸುವ ಅರ್ಧ ಸೆಕೆಂಡಿನಲ್ಲಲ್ಲ, ಹೊರಡುವಾಗ ಮತ್ತು ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್ ಹಿಡಿದು ತೆವಳುವಾಗ.

ಮತ್ತೆ ಕಟ್ಟಾಗದಿರಲು

ವೈರ್ ಒಂದೇ ಏಟಿಗೆ ಕಟ್ಟಾಗುವುದು ಅಪರೂಪ. ಮೊದಲು ಲಿವರ್ ಬಿಗಿಯಾಗುತ್ತದೆ. ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗದೆ ಆಟ ಆಡಿಸುತ್ತದೆ. ಲಿವರ್ ಬುಡದ ರಬ್ಬರ್ ಸರಿಸಿ, ಟಾರ್ಚ್ ಹಾಕಿ ನೋಡಿ. ವೈರ್‌ನ ಒಂದು ಎಳೆ ಬಿಚ್ಚಿ ಮೀನಿನ ಮುಳ್ಳಿನ ಹಾಗೆ ನಿಂತಿದ್ದರೆ ಅವತ್ತೇ ಬದಲಿಸಿ. ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಬಿಡಿಭಾಗದ ಅಂಗಡಿಗಳಲ್ಲಿ ಹೆಚ್ಚಿನ ಗಾಡಿಗಳ ಕೇಬಲ್ ಸಿಗುತ್ತದೆ. ನಿಮ್ಮ ಮಾದರಿ, ವರ್ಷ ಸರಿಯಾಗಿ ಹೇಳಿ. ಆಗುವುದಾದರೆ ಹಳೇ ಕೇಬಲ್ ಕೈಯಲ್ಲೇ ಹಿಡಿದುಕೊಂಡು ಹೋಗಿ, ಅರ್ಧ ಇಂಚು ಉದ್ದ ಗಿಡ್ಡವಾದರೂ ಕೂರಲ್ಲ.

ಒಂದು ಹೆಚ್ಚುವರಿ ಕೇಬಲ್ ತನ್ನಿ. ದೂರ ಹೋಗುವವರು ಅದನ್ನು ಹಳೇ ಕೇಬಲ್‌ನ ಪಕ್ಕದಲ್ಲೇ, ಟ್ಯಾಂಕ್ ಕೆಳಗಿನಿಂದ ಹಾಯಿಸಿ, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ ಟೇಪ್ ಹೊಡೆದು ಇಟ್ಟಿರುತ್ತಾರೆ. ಕಟ್ಟಾದಾಗ ತುದಿ ಬದಲಿಸಿ ಸಿಕ್ಕಿಸಿದರೆ ಹತ್ತು ನಿಮಿಷದ ಕೆಲಸ, ಟ್ಯಾಂಕ್ ಬಿಚ್ಚುವ ಗೋಜಿಲ್ಲ.

ಹೊಸದು ಹಾಕಿದ ಮೇಲೆ ಲಿವರ್‌ನ ತುದಿಯಲ್ಲಿ ಸುಮಾರು 10ರಿಂದ 15 ಮಿ.ಮೀ. ಆಟ ಬಿಡಿ. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಸರಿ. ಎಂಜಿನ್ ಆನ್ ಮಾಡಿ, ನ್ಯೂಟ್ರಲ್‌ನಲ್ಲೇ ಇಟ್ಟು, ಹ್ಯಾಂಡಲ್ ಅನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ಯಾವ ಕಡೆ ತಿರುಗಿಸಿದಾಗಲೂ ಆ ಆಟ ಕಡಿಮೆಯಾಗಬಾರದು. ಕಡಿಮೆಯಾದರೆ ಕೇಬಲ್ ಎಲ್ಲೋ ಬಿಗಿದುಕೊಂಡಿದೆ, ಹಾಯಿಸಿದ ದಾರಿ ತಪ್ಪಾಗಿದೆ, ಬಿಚ್ಚಿ ಮತ್ತೆ ಹಾಕಿ.